ಒಎಲ್‌ಟಿಗೆ ದೂರದಿಂದ ಲಾಗಿನ್: ಮೊದಲ ದಿನವೇ ಮಾಡಬೇಕಾದ ಕೆಲಸ

ತೀರ್ಥಹಳ್ಳಿ, ಹೊಸನಗರ ಕಡೆಯ ಸಣ್ಣ ಕೇಬಲ್ ಆಪರೇಟರ್‌ಗಳಿಗೆ ನಾನು ಒಎಲ್‌ಟಿ ಹಾಕಿಕೊಡುತ್ತೇನೆ. ಮನೆಮನೆಗೆ ಫೈಬರ್ ಇಂಟರ್ನೆಟ್ ಹಂಚುವ ಮುಖ್ಯ ಪೆಟ್ಟಿಗೆ ಅದು. ಜುಲೈ ಮಳೆಯಲ್ಲಿ ಅದು ಕೈಕೊಟ್ಟರೆ ರಾತ್ರಿ ಹೊತ್ತು ಅಲ್ಲಿಗೆ ಓಡುವುದು ಸುಲಭ ಅಲ್ಲ. ಅದಕ್ಕೇ ದೂರದಿಂದ ಒಳಗೆ ಹೋಗುವ ದಾರಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು.

ರ್‍ಯಾಕಿಗೆ ಏರಿಸುವ ಮುಂಚೆ ಮೇಜಿನ ಮೇಲೇ ಕೆಲಸ ಶುರು ಮಾಡಿ. ಯುಎಸ್‌ಬಿ ಕನ್ಸೋಲ್ ಕೇಬಲ್‌ನಿಂದ ಒಎಲ್‌ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಪುಟ್ಟಿ (ಒಎಲ್‌ಟಿಗೆ ಕಮಾಂಡ್ ಟೈಪ್ ಮಾಡುವ ಸಾಫ್ಟ್‌ವೇರ್) ತೆರೆಯಿರಿ. ಸ್ಪೀಡ್ 9600, ಫ್ಲೋ ಕಂಟ್ರೋಲ್ ಬೇಡ. ಪರದೆ ಮೇಲೆ ಅರ್ಥವಿಲ್ಲದ ಅಕ್ಷರ ಬಂದರೆ ಸ್ಪೀಡ್ ತಪ್ಪಾಗಿರುತ್ತದೆ, 115200 ಇಟ್ಟು ನೋಡಿ. ಲಾಗಿನ್ ಆದ ತಕ್ಷಣ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಿ. ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಆನ್ ಮಾಡಿ, ಅದು ಕೆಲಸ ಮಾಡುತ್ತದೆ ಅಂತ ನೋಡಿಕೊಂಡು, ಪಾಸ್‌ವರ್ಡನ್ನು ಮರೆಮಾಚದೆ ಕಳಿಸುವ ಹಳೆಯ ಟೆಲ್ನೆಟ್ ಬಂದ್ ಮಾಡಿ.

ಆಮೇಲೆ ಮ್ಯಾನೇಜ್‌ಮೆಂಟ್‌ಗೆ, ಅಂದರೆ ಒಎಲ್‌ಟಿ ನಿರ್ವಹಣೆಗೆ, ಅಂತಲೇ ಒಂದು ವಿಲ್ಯಾನ್ (ಅದೇ ತಂತಿಯ ಮೇಲೆ ನಂಬರ್ ಕೊಟ್ಟು ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ. ಗ್ರಾಹಕರ ವಿಲ್ಯಾನ್ ಜೊತೆ ಇದನ್ನು ಯಾವತ್ತೂ ಸೇರಿಸಬೇಡಿ. ಅಪ್‌ಲಿಂಕ್ (ಒಎಲ್‌ಟಿಗೆ ಇಂಟರ್ನೆಟ್ ಬರುವ ಲೈನ್) ಪೋರ್ಟಿನಲ್ಲೂ ಎದುರಿನ ರೌಟರ್‌ನಲ್ಲೂ ಅದೇ ನಂಬರ್ ಟ್ಯಾಗ್ ಆಗಿರಬೇಕು. ಐಪಿ 10.20.0.5 ಇಟ್ಟಿರಿ ಅಂದುಕೊಳ್ಳಿ. ಇಲ್ಲಿ ಬಹಳ ಜನ ಡೀಫಾಲ್ಟ್ ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ಹೋಗಲು ಬಳಸುವ ರೌಟರ್‌ನ ಐಪಿ) ಹಾಕುವುದನ್ನೇ ಬಿಡುತ್ತಾರೆ. ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ಚುಚ್ಚಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಯಾಕೆಂದರೆ ಎರಡೂ ಒಂದೇ ನೆಟ್‌ವರ್ಕ್. ಹೊರಗಿನಿಂದ ಪಿಂಗ್ ಮಾಡಿದರೆ (ಉತ್ತರ ಬರುತ್ತದಾ ಅಂತ ಕೇಳುವ ಪ್ಯಾಕೆಟ್ ಕಳಿಸಿದರೆ) ಮಾತ್ರ ಉತ್ತರ ಇಲ್ಲ. ಪ್ಯಾಕೆಟ್ ಒಳಗೆ ಬಂದಿರುತ್ತದೆ, ವಾಪಸ್ ಹೋಗುವ ದಾರಿ ಒಎಲ್‌ಟಿಗೆ ಗೊತ್ತಿರುವುದಿಲ್ಲ.

ಒಎಲ್‌ಟಿಗೆ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಎಲ್ಲಿಂದ ಬೇಕಾದರೂ ತಲುಪಬಹುದಾದ ವಿಳಾಸ) ನೇರವಾಗಿ ಕೊಡಬೇಡಿ. ಇಂಟರ್ನೆಟ್‌ನಲ್ಲಿ ಸುಮ್ನೆ ಪಾಸ್‌ವರ್ಡ್ ಊಹಿಸುತ್ತಾ ಅಲೆಯುವ ಬಾಟ್‌ಗಳು ಬೇಗ ಹುಡುಕಿಕೊಂಡು ಬರುತ್ತವೆ. ವಿಪಿಎನ್ (ಇಂಟರ್ನೆಟ್ ಮೇಲೆ ಮಾಡಿಕೊಂಡ ಖಾಸಗಿ ಸುರಕ್ಷಿತ ದಾರಿ) ಮೂಲಕವೇ ಹೋಗಿ.

ಫೈಬರ್ ಕಟ್ ಆದರೆ ಆ ದಾರಿಯೂ ಹೋಗುತ್ತದೆ, ಅಲ್ವಾ? ಅದಕ್ಕೆ ಒಂದು 4ಜಿ ರೌಟರ್ ಇಟ್ಟು, ಒಎಲ್‌ಟಿಯ ಮ್ಯಾನೇಜ್‌ಮೆಂಟ್ ಪೋರ್ಟಿಗೆ ಜೋಡಿಸಿ. ಸಿಮ್ ಕೊಳ್ಳುವಾಗ ಯೋಚಿಸಿ: ನಿಮಗೆ ಅಪ್‌ಲಿಂಕ್ ಕೊಟ್ಟ ಕಂಪನಿಯದ್ದೇ ಸಿಮ್ ಆದರೆ, ಅವರ ಟವರ್ ಕೂಡ ಅದೇ ಕೇಬಲ್ ಮೇಲೆ ನಿಂತಿರಬಹುದು. ಬೇರೆ ಕಂಪನಿಯದ್ದು ತಗೊಳ್ಳಿ. ಮೊಬೈಲ್ ಸಿಮ್‌ಗೆ ಸಾಮಾನ್ಯವಾಗಿ ಹೊರಗಿನಿಂದ ನೇರ ಸಂಪರ್ಕ ಸಿಗುವುದಿಲ್ಲ. ಆದ್ದರಿಂದ 4ಜಿ ರೌಟರ್ರೇ ನಿಮ್ಮ ಸರ್ವರ್‌ಗೆ ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಕನೆಕ್ಷನ್ ಮಾಡಬೇಕು. ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) 25 ಸೆಕೆಂಡ್ ಇಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ದಾರಿ ಮುಚ್ಚಿಹೋಗಬಹುದು. ಈ ರೌಟರ್‌ಗೂ ಬ್ಯಾಟರಿ ಲೈನಿನಿಂದಲೇ ಕರೆಂಟ್ ಕೊಡಿ.

ಸೈಟಿನಲ್ಲಿ −48 ವೋಲ್ಟ್ ಡಿಸಿ ಇದ್ದರೆ ಪ್ಲಸ್ ಕಡೆ ಅರ್ತ್ ಆಗಿರುತ್ತದೆ. ವೈರಿನ ಬಣ್ಣ ನಂಬದೆ ಮಲ್ಟಿಮೀಟರ್ ಹಿಡಿದು ನೋಡಿ. ಫೈಬರ್‌ನ ಹಸಿರು ಎಪಿಸಿ (ತುದಿ ಓರೆಯಾಗಿರುವ) ಕನೆಕ್ಟರ್‌ಗೆ ನೀಲಿ ಯುಪಿಸಿ (ತುದಿ ಓರೆಯಿಲ್ಲದ) ಕನೆಕ್ಟರ್ ಸೇರಿಸಬೇಡಿ. ಫೈಬರ್ ತುದಿಗೆ ಕಣ್ಣಿಡಲೇಬೇಡಿ, 1490 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಹಾನಿ ಮಾಡಬಹುದು. ಬೆಳಕು ಎಷ್ಟಿದೆ ಅಂತ ಅಳೆಯಲು ಪವರ್ ಮೀಟರ್ ಇದೆ.

ಕಾನ್ಫಿಗ್ ಸೇವ್ ಮಾಡಿ, ಪವರ್ ತೆಗೆದು ಮತ್ತೆ ಹಾಕಿ. ಒಎಲ್‌ಟಿ ಮತ್ತೆ ಶುರುವಾದ ಮೇಲೆ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ವಿಪಿಎನ್ ಮೂಲಕ ಲಾಗಿನ್ ಆಗಿ ನೋಡಿ. ಬಳಿಕ ಅಪ್‌ಲಿಂಕ್ ಫೈಬರ್ ಕಿತ್ತು, 4ಜಿ ದಾರಿಯಲ್ಲೂ ಒಳಗೆ ಹೋಗಿ. ಎರಡೂ ಆಗುವವರೆಗೆ ಸೈಟ್ ಬಿಡಬೇಡಿ. ಕಾನ್ಫಿಗ್ ಫೈಲಿನ ಒಂದು ಕಾಪಿ ನಿಮ್ಮ ಹತ್ತಿರ ಇರಲಿ. ಮ್ಯಾನೇಜ್‌ಮೆಂಟ್ ಐಪಿಯನ್ನು ಚೀಟಿಯಲ್ಲಿ ಬರೆದು ರ್‍ಯಾಕ್ ಬಾಗಿಲ ಒಳಗೆ ಅಂಟಿಸಿ, ಪಾಸ್‌ವರ್ಡ್ ಮಾತ್ರ ಬರೆಯಬೇಡಿ.