ಹರ್ ಕಿ ದೂನ್ ಚಾರಣ: ತಯಾರಿ ಸಿಂಹಗಡದಿಂದಲೇ ಶುರು

ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುತ್ತಿರುತ್ತದೆ. ಪುಣೆ, ಮುಂಬೈಯಲ್ಲಿರುವ ನಮಗೆ ಆ ಎರಡು ತಿಂಗಳು ತಯಾರಿಗೆ ಸರಿಹೋಗುತ್ತವೆ.

ಮೊದಲು ಬೂಟು ಹೊರತೆಗೆಯಿರಿ. ಮುಂಬೈ, ಗೋವೆಯ ತೇವದ ಹವೆಯಲ್ಲಿ ನಾಲ್ಕೈದು ವರ್ಷ ಡಬ್ಬಿಯಲ್ಲೇ ಇದ್ದ ಬೂಟು ನೋಡಲು ಹೊಸದರಂತಿದ್ದರೂ ಒಳಗೆ ಹಾಳಾಗಿರಬಹುದು. ಕೆಳಗಿನ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಮೆತ್ತನೆಯ ಒಂದು ಪದರ ಇರುತ್ತದೆ. ಅನೇಕ ಬೂಟುಗಳಲ್ಲಿ ಅದು ಪಾಲಿಯುರಿಥೇನ್. ಗಾಳಿಯ ತೇವವೇ ಅದನ್ನು ಸಾವಕಾಶವಾಗಿ ಕೊರೆಯುತ್ತದೆ. ಬಳಸದೆ ಇಟ್ಟರೂ ತಪ್ಪುವುದಿಲ್ಲ. ಆ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಡಿ. ತಕ್ಷಣ ಮೊದಲಿನಂತಾದರೆ ಸರಿ. ಸಣ್ಣ ಬಿರುಕು ಕಂಡರೆ, ಇಲ್ಲವೇ ಹಳೆಯ ಬೆಲ್ಲದಂತೆ ಪುಡಿ ಉದುರಿದರೆ ಆ ಬೂಟು ಬೇಡವೇ ಬೇಡ. ಅಂಟು ಹಾಕಿಸಿದರೂ ನಿಲ್ಲುವುದಿಲ್ಲ, ಅಂಟು ಹಿಡಿಯಬೇಕಾದ ಪದರವೇ ಪುಡಿಯಾಗಿರುತ್ತದೆ. ಹೊಸದು ಕೊಳ್ಳುವುದಾದರೆ ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ, ದಪ್ಪ ಕಾಲುಚೀಲ ಹಾಕಿಕೊಂಡು ಕೊಳ್ಳಿ. ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಬೆರಳು ತಾಗಿ ತಾಗಿ ಉಗುರು ಕಪ್ಪಾಗುತ್ತದೆ. ಹೊರಡುವ ಮೊದಲು ಅದೇ ಬೂಟಿನಲ್ಲಿ 50–60 ಕಿ.ಮೀ. ನಡೆದಿರಬೇಕು. ಚೀಲದಲ್ಲಿ 3 ಮೀಟರ್ ನೈಲಾನ್ ಹಗ್ಗ ಇಟ್ಟುಕೊಳ್ಳಿ. ದಾರಿಯಲ್ಲಿ ಅಟ್ಟೆ ಕಿತ್ತರೆ ಸುತ್ತಿ ಕಟ್ಟಿ ಊರು ಮುಟ್ಟಬಹುದು.

ಅಭ್ಯಾಸಕ್ಕೆ ಪುಣೆ ಹತ್ತಿರದ ಸಿಂಹಗಡ ಕೋಟೆಯಂಥ ಜಾಗ ಇನ್ನೊಂದಿಲ್ಲ. ಆತಕರವಾಡಿಯ ಕಾಲುದಾರಿಯಲ್ಲಿ ಹತ್ತಿದರೆ ಸುಮಾರು 600 ಮೀಟರ್ ಏರು ಸಿಗುತ್ತದೆ. ಎಂಟು ವಾರ, ವಾರಕ್ಕೆರಡು ಸಲ ಹತ್ತಿ. ಮೊದಲ ಎರಡು ವಾರ ಬೆನ್ನಿಗೆ 4 ಕಿಲೋ, ಆಮೇಲೆ ಏರಿಸುತ್ತ 8 ಕಿಲೋಗೆ ತನ್ನಿ. ಭಾರಕ್ಕೆ ನೀರಿನ ಬಾಟಲಿಯೇ ವಾಸಿ: ಮಂಡಿ ಇನ್ನೂ ಪಳಗದಿದ್ದರೆ ಗಡದ ತುದಿಯಲ್ಲಿ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಕೊನೆಯ ಮೂರು ವಾರ ಮಾತ್ರ ಭಾರ ಹೊತ್ತೇ ಇಳಿಯಿರಿ. ಹಿಮಾಲಯದಲ್ಲಿ ಮಂಡಿ ಕೈಕೊಡುವುದು ಹೆಚ್ಚಾಗಿ ಇಳಿತದಲ್ಲಿ. ಒಂದೆರಡು ಸಲವಾದರೂ ಶನಿವಾರ ಹತ್ತಿರದ ರಾಜಗಡ ಕೋಟೆ, ಭಾನುವಾರ ಸಿಂಹಗಡ ಎಂದು ಬೆನ್ನುಬೆನ್ನಿಗೆ ಹತ್ತಿ. ಹಿಂದಿನ ದಿನ ಹಿಡಿದ ತೊಡೆಗಳಲ್ಲಿ ಮತ್ತೆ ನಡೆಯುವುದು ಹಾಗೇ ರೂಢಿಯಾಗಬೇಕು. ಮುಂಬೈಯವರು 20 ಮಹಡಿಯ ಕಟ್ಟಡವನ್ನು ಮೆಟ್ಟಿಲಿನಲ್ಲಿ 10 ಸಲ ಹತ್ತಿದರೆ ಏರು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ರಜೆ ಸಿಕ್ಕಾಗ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರಿನ ಕಳಸೂಬಾಯಿಗೆ ಹೋಗಿ ಬನ್ನಿ. ಮಳೆಯಲ್ಲಿ ನೆನೆದ ಕಾಟನ್ ಬಟ್ಟೆ ಇಲ್ಲಿ ಬರೀ ಕಿರಿಕಿರಿ, ಹಿಮಾಲಯದ ಚಳಿಯಲ್ಲಿ ಅದು ಮೈಯ ಬಿಸಿಯನ್ನೇ ಹೀರಿಬಿಡುತ್ತದೆ. ಬೇಗ ಆರುವ ಬಟ್ಟೆಯನ್ನೂ ರೇನ್‌ಕೋಟನ್ನೂ ಸಿಂಹಗಡದ ಮಳೆಯಲ್ಲೇ ಪರೀಕ್ಷಿಸಿ.

ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ನಿಜಾಮುದ್ದೀನ್, ಅಲ್ಲಿಂದ ಡೆಹ್ರಾಡೂನ್. ಮುಂಬೈಯವರಿಗೆ ಬಾಂದ್ರಾ ಟರ್ಮಿನಸ್‌ನಿಂದ ಹರಿದ್ವಾರದ ರೈಲಿದೆ. ಡೆಹ್ರಾಡೂನಿನಿಂದ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿ.ಮೀ. ಘಾಟ್ ರಸ್ತೆ, ಪೂರ್ತಿ ಒಂದು ದಿನ ಬೇಕು. ನಗದು ದಾರಿಯಲ್ಲಿ ಪುರೋಲಾದಲ್ಲೇ ತೆಗೆದುಕೊಂಡುಬಿಡಿ. ಗುರುತಿನ ಚೀಟಿಯ ಜೆರಾಕ್ಸ್ ಮೂರ್ನಾಲ್ಕು ಇರಲಿ, ಗೋವಿಂದ ವನ್ಯಧಾಮದ ಪರವಾನಗಿಗೆ ಕೇಳುತ್ತಾರೆ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೂ ಊರುಗೋಲನ್ನು ಚೆಕ್-ಇನ್ ಚೀಲದಲ್ಲೂ ಇಡಬೇಕು. ಸ್ಟವ್‌ನ ಗ್ಯಾಸ್ ಡಬ್ಬಿ ವಿಮಾನದಲ್ಲೂ ನಡೆಯದು, ರೈಲಿನಲ್ಲೂ ನಡೆಯದು.

ಬುತ್ತಿಗೆ ಶೇಂಗಾ ಹೋಳಿಗೆ ಒಯ್ಯಿರಿ. ವಾರ ಕೆಡುವುದಿಲ್ಲ, ಒಂದು ತಿಂದರೆ ಎರಡು ತಾಸು ನಡೆಯಬಹುದು. ಸ್ವಂತ ಅಡುಗೆಯಾದರೆ ಕುಕ್ಕರ್ ಬೇಕೇಬೇಕು: 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ.

ಸಿಂಹಗಡ ಕಾಲಿಗೆ ಬಲ ಕೊಡುತ್ತದೆ, ಎತ್ತರ ತಾಳುವ ಶಕ್ತಿಯನ್ನು ಕೊಡುವುದಿಲ್ಲ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ, ಬೇಗ ಬೇಗ ಏರಿದರೆ ಅವರಿಗೂ ಅಪಾಯ ಜಾಸ್ತಿ. ಪುಣೆ 560 ಮೀಟರಿನಲ್ಲಿದೆ, ಹರ್ ಕಿ ದೂನ್ ಸುಮಾರು 3,560ರಲ್ಲಿ. ಸಾಂಕ್ರಿಯಲ್ಲಿ ಒಂದು ರಾತ್ರಿ, ತಾಲೂಕಾ ಎಂಬ ಹಳ್ಳಿಯವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ನಡೆದು ಓಸ್ಲಾ ಹಳ್ಳಿ ಹತ್ತಿರದ ಸೀಮಾದಲ್ಲಿ ಇನ್ನೊಂದು ರಾತ್ರಿ, ಮೂರನೆಯದು ಸುಮಾರು 3,000 ಮೀಟರಿನ ಕಲ್ಕತ್ತಿಯಾಧಾರ್‌ನಲ್ಲಿ. ಅಲ್ಲಿಂದ ನಸುಕಿನಲ್ಲಿ ಹೊರಟು ಹರ್ ಕಿ ದೂನ್ ನೋಡಿಕೊಂಡು ಸಂಜೆಗೆ ಅದೇ ಡೇರೆಗೆ ವಾಪಸಾಗಿ. ಸೀಮಾದಿಂದ ಒಂದೇ ದಿನ ಏರಿ ಮೇಲೆಯೇ ಮಲಗಿದರೆ ಸುಮಾರು ಸಾವಿರ ಮೀಟರ್ ಎತ್ತರ ಒಮ್ಮೆಲೇ ಹೆಚ್ಚಾಗುತ್ತದೆ, ಅದು ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು.

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ಅತಿಯಾದ ಸುಸ್ತು ಕಂಡರೆ ಅಲ್ಲೇ ನಿಲ್ಲಿ, ಪೂರ್ತಿ ಗುಣವಾಗುವವರೆಗೆ ಮೇಲೆ ಹೆಜ್ಜೆ ಇಡಬೇಡಿ. ಅನುಮಾನ ಬಂದರೆ ನೆಲದ ಮೇಲೆ ಗೆರೆ ಎಳೆದು, ಮುಂದಿನ ಕಾಲಿನ ಹಿಮ್ಮಡಿ ಹಿಂದಿನ ಕಾಲಿನ ಬೆರಳಿಗೆ ತಾಗುವಂತೆ ಆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಬೆಳಗಾಗಲೆಂದು ಕಾಯಬೇಡಿ. ನಡುರಾತ್ರಿಯಾದರೂ ಸರಿ, ಟಾರ್ಚ್ ಹಿಡಿದು ಇಬ್ಬರು ಜೊತೆಗಿದ್ದು ಸೀಮಾಕ್ಕೆ ಇಳಿಸಿ, ಅಲ್ಲಿಂದ ತಾಲೂಕಾಕ್ಕೆ.