ಮೊದಲು ಖಾಲಿಯಾಗುವ ಬ್ಯಾಟರಿಯ ಲೆಕ್ಕ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಇಳಿಜಾರಿನ ರೋಬಸ್ಟಾ ಕಾಫಿ ತೋಟ. ಮಣ್ಣಿನ ತೇವ ನೋಡಲು ಐದು ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೋ) ಸೆನ್ಸರ್ ಇಟ್ಟಿದ್ದೇನೆ. ಮೂರು ಕೆಳಗೆ ಗದ್ದೆ ಪಕ್ಕ, ಒಂದು ಕಣದ ಹತ್ತಿರ, ಒಂದು ದೂರದ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಜಾಗ). ಕೆಳಗಿನ ಸಿಗ್ನಲ್ ನೇರವಾಗಿ ಮನೆಗೆ ಸಿಗುವುದಿಲ್ಲ. ಮೇಲಿನವೇ ದಾಟಿಸಬೇಕು. ಕಳೆದ ಮಾರ್ಚ್‌ನಲ್ಲಿ, ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೇ, ಕಣದ ಬ್ಯಾಟರಿ ಖಾಲಿಯಾಯಿತು. ಗದ್ದೆ ಪಕ್ಕದ ಮೂರೂ ಚೆನ್ನಾಗಿದ್ದವು, ಆದರೆ ಒಂದು ಅಂಕಿಯೂ ಬರಲಿಲ್ಲ. ತುಂಬಾ ಬೇಜಾರಾಯಿತು.

ಮೊದಲು ಎಷ್ಟು ಸಲ ಅಳೆಯಬೇಕು ಅಂತ ನೋಡಿ. ನನ್ನ ಸೆನ್ಸರ್ ಎದ್ದಾಗ 3 ಸೆಕೆಂಡ್ 40 ಮಿಲಿಆಂಪಿಯರ್ ಎಳೆಯುತ್ತದೆ, ನಿದ್ದೆಯಲ್ಲಿ 0.1. ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಸರಾಸರಿ 2.1. 2600 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸೆಲ್ 51 ದಿನ ಬರುತ್ತದೆ. ಅರ್ಧ ಗಂಟೆಗೊಮ್ಮೆಯಾದರೆ ಕಾಗದದ ಲೆಕ್ಕದಲ್ಲಿ ಒಂದೂವರೆ ವರ್ಷಕ್ಕೂ ಜಾಸ್ತಿ. ಮಣ್ಣು ನಿಮಿಷಕ್ಕೊಮ್ಮೆ ಒಣಗುವುದಿಲ್ಲ ಅಲ್ವಾ?

ಮುಂದಿನದು ಹೊರೆ ಹಂಚುವುದು. ಅರ್ಧ ಗಂಟೆಗೊಂದರಂತೆ ಪ್ರತಿ ಸೆನ್ಸರ್ ದಿನಕ್ಕೆ 48 ಸಂದೇಶ ಕಳಿಸುತ್ತದೆ, ಕೆಳಗಿನ ಮೂರರದ್ದು 144. ಕಣದಿಂದ ಒಂದು ಸಂದೇಶ ಕಳಿಸಲು 1 ಪಾಲು ಶಕ್ತಿ ಅನ್ನಿ. ಬಾಣೆ ದೂರ, ಸ್ಪ್ರೆಡಿಂಗ್ ಫ್ಯಾಕ್ಟರ್ (ಏರಿಸಿದಷ್ಟೂ ನಿಧಾನವಾಗಿ, ಆದರೆ ದೂರಕ್ಕೆ ಕಳಿಸುವ ಲೋರಾ ಸೆಟ್ಟಿಂಗ್) ಒಂದು ಮೆಟ್ಟಿಲು ಏರಿಸಬೇಕು. ಆಗ ಕಳಿಸುವ ಸಮಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಹಾಗಾಗಿ 2 ಪಾಲು. ಸುಲಭಕ್ಕೆ ನಿದ್ದೆಯ ಮತ್ತು ಕೇಳಿಸಿಕೊಳ್ಳುವ ಖರ್ಚು ಇಲ್ಲಿ ಬಿಟ್ಟಿದ್ದೇನೆ, ನೀವು ಸೇರಿಸಿಕೊಳ್ಳಿ.

ಎಲ್ಲವನ್ನೂ ಕಣಕ್ಕೇ ಕೊಟ್ಟರೆ ಅದರ ಖರ್ಚು 48+144, ಅಂದರೆ 192, ಬಾಣೆಯದ್ದು ತನ್ನ 48ರ ಎರಡರಷ್ಟು, 96. ಒಟ್ಟು 288. ನಾನು ಮೊದಲು ಹೀಗೇ ಇಟ್ಟಿದ್ದೆ, ಒಟ್ಟು ಕಡಿಮೆ ಅಂತ. ಈಗ 112 ಸಂದೇಶ ಕಣಕ್ಕೆ, 32 ಬಾಣೆಗೆ ಕೊಡಿ. ಕಣ 48+112, ಅಂದರೆ 160. ಬಾಣೆ 96+64, ಅದೂ 160. ಒಟ್ಟು 320ಕ್ಕೆ ಏರಿತು, ಆದರೆ ಕಣದ ಸೆಲ್ ಶೇ. 20ರಷ್ಟು ಜಾಸ್ತಿ ದಿನ ಬರುತ್ತದೆ. ಒಟ್ಟು ಉಳಿತಾಯದ ಹಿಂದೆ ಹೋದವರಿಗೆ ಈ ಹಂಚಿಕೆ ಸಿಗುವುದೇ ಇಲ್ಲ.

ಸೆನ್ಸರ್ ಜಾಸ್ತಿಯಿದ್ದರೆ ಉಚಿತ ಸ್ಪ್ರೆಡ್‌ಶೀಟ್ ಆದ ಲಿಬ್ರೆಆಫೀಸ್ ಕ್ಯಾಲ್ಕ್‌ನ ಸಾಲ್ವರ್ (ಷರತ್ತುಗಳೊಳಗೆ ಅತಿ ಒಳ್ಳೆಯ ಉತ್ತರ ಹುಡುಕುವ ಸಾಧನ) ಬಳಸಿ. ಒಂದು ಖಾನೆಗೆ 'ಗರಿಷ್ಠ ಹೊರೆ' ಅಂತ ಹೆಸರಿಡಿ, ಅದನ್ನು ಕನಿಷ್ಠ ಮಾಡಲು ಹೇಳಿ. ಪ್ರತಿ ಸೆನ್ಸರ್‌ನ ಖರ್ಚು ಅದಕ್ಕಿಂತ ಮೀರಬಾರದು, ಯಾವ ಸಂದೇಶವೂ ಬಿಟ್ಟುಹೋಗಬಾರದು, ಯಾವ ಪಾಲೂ ಸೊನ್ನೆಗಿಂತ ಕೆಳಗಿಳಿಯಬಾರದು. ಇಷ್ಟೇ ಷರತ್ತು. ಲೀನಿಯರ್ ಸಾಲ್ವರ್ ಆರಿಸಿ. ಸೆಲ್‌ಗಳು ಬೇರೆ ಬೇರೆ ಗಾತ್ರದವಾದರೆ ಖರ್ಚನ್ನು ಆಯಾ ಸೆಲ್‌ನ ಎಂಎಎಚ್‌ನಿಂದ ಭಾಗಿಸಿ ಹಾಕಿ. ನಾನು ಜನವರಿ ಕೊನೆಗೆ, ಸ್ಪ್ರಿಂಕ್ಲರ್ ಪೈಪ್ ಹೊರಗೆ ತೆಗೆಯುವ ಮೊದಲೇ, ಈ ಲೆಕ್ಕ ಮುಗಿಸಿಡುತ್ತೇನೆ.