ಕಪ್ಪು ಬಟ್ಟೆ, ಬಿಸಿಲು, ಬ್ಯಾಟರಿ: ಕಡಲ ನೀರನ್ನು ಸಿಹಿಯಾಗಿಸುವ ಬಗೆ

ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಉಪ್ಪುನೀರಿನಲ್ಲೇ ಬೇರೂರಿ ಬದುಕುತ್ತವೆ. ಎಲೆಯಿಂದ ಆವಿಯಾದಷ್ಟು ನೀರನ್ನು ಬೇರು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಉಪ್ಪಿನ ಬಹುಪಾಲನ್ನು ಬೇರೇ ತಡೆಯುತ್ತದೆ, ಒಳಗೆ ನುಸುಳಿದ್ದನ್ನು ಕೆಲವು ಜಾತಿಗಳು ಎಲೆಯ ಮೇಲೆ ಹರಳಾಗಿ ಹೊರಹಾಕುತ್ತವೆ. ಇಲ್ಲಿ ವಿವರಿಸುವ ಬಟ್ಟೆ ಇದನ್ನೇ ಅನುಕರಿಸುತ್ತದೆ: ನೀರಿಗೆ ಇಳಿಬಿಟ್ಟ ಅಂಚುಗಳು ಬೇರು, ಮೇಲಿನ ಕಪ್ಪು ಮೈ ಎಲೆ. ಆದರೆ ಬಟ್ಟೆಗೆ ಉಪ್ಪನ್ನು ಬೇರಿನಲ್ಲೇ ತಡೆಯುವ ಶಕ್ತಿ ಇಲ್ಲವಾದ್ದರಿಂದ, ಮೇಲೇರಿದ ಉಪ್ಪಿಗೆ ಮರಳಿ ಇಳಿಯುವ ದಾರಿಯನ್ನು ನಾವೇ ಬಿಡಬೇಕು. ಈ ಪ್ರಯೋಗ ಕೆಡುವುದಿದ್ದರೆ ಸಾಮಾನ್ಯವಾಗಿ ಇಲ್ಲಿಯೇ.

20 ಸೆಂ.ಮೀ. ಅಗಲ, 36 ಸೆಂ.ಮೀ. ಉದ್ದದ ದಪ್ಪ ಹತ್ತಿಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿ, ಗಂಜಿ ಪೂರ್ತಿ ಹೋಗುವಂತೆ ತೊಳೆಯಿರಿ. ಗಂಜಿ ಉಳಿದರೆ ನೀರು ಮೇಲೇರುವುದಿಲ್ಲ. ಒಂದು ಹನಿ ಬಿಟ್ಟು ನೋಡಿ. ಅದು ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಬೇಕು. ಬಣ್ಣ ಹಾಕುವ ಕೆಲಸ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಹಾನಿಕರ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಕೆಳಗೆ, ಕೈಗವಸು ತೊಟ್ಟೇ ನಡೆಯಬೇಕು. 200 ಮಿ.ಲೀ. ಮಂಜಿನಷ್ಟು ತಣ್ಣಗಿನ ನೀರಿಗೆ 1 ಮಿ.ಲೀ. ಪಿರೋಲ್ ಎಂಬ ದ್ರವ ರಾಸಾಯನಿಕವನ್ನು ಬೆರೆಸಿ ಬಟ್ಟೆಯನ್ನು ನೆನೆಸಿಡಿ. 100 ಮಿ.ಲೀ. ನೀರಿನಲ್ಲಿ ಕರಗಿಸಿದ 9 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು ಸ್ವಲ್ಪಸ್ವಲ್ಪವಾಗಿ ಸುರಿದು, ಪಾತ್ರೆಯನ್ನು ಐಸಿನಲ್ಲಿಟ್ಟು ಎರಡು ಗಂಟೆ ಆಗಾಗ ಕದಡುತ್ತಿರಿ. ನೂಲಿನ ಮೇಲೆಯೇ ಪಾಲಿಪಿರೋಲ್ ಎಂಬ ಕಪ್ಪು ಪಾಲಿಮರ್ ಬೆಳೆದು ಬಟ್ಟೆ ಇದ್ದಿಲಿನಂತೆ ಕಪ್ಪಾಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ. ದೀಪದ ಮಸಿಯನ್ನು ಗೋಂದಿನಲ್ಲಿ ಕಲಸಿ ಬಳಿಯುವುದು ಸುಲಭವೇನೋ ಹೌದು, ಆದರೆ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ.

20 ಸೆಂ.ಮೀ. ಚೌಕದ, 3 ಸೆಂ.ಮೀ. ದಪ್ಪದ ಥರ್ಮೋಕೋಲನ್ನು ಕಡಲ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಬಟ್ಟೆಯನ್ನು ಅದರ ಮೇಲೆ ಹೊದಿಸಿ ಎರಡೂ ಅಂಚುಗಳನ್ನು ನೀರಿಗೆ ಇಳಿಬಿಡಿ. ಥರ್ಮೋಕೋಲ್ ಇರುವುದರಿಂದ ಬಿಸಿಲಿನ ಶಾಖ ತಟ್ಟೆಯ ನೀರನ್ನೆಲ್ಲ ಕಾಯಿಸುವುದರಲ್ಲಿ ವ್ಯರ್ಥವಾಗದೆ ಬಟ್ಟೆಯಲ್ಲೇ ನಿಲ್ಲುತ್ತದೆ. ಅಂಚನ್ನು ಸಣ್ಣ ಬತ್ತಿಯಂತೆ ಕತ್ತರಿಸಿದರೆ ಶಾಖ ಇನ್ನಷ್ಟು ಉಳಿಯುತ್ತದೆ, ಆದರೆ ಉಪ್ಪು ಹಿಂದಿರುಗಲು ದಾರಿ ಸಾಲದೆ ಕಪ್ಪು ಮೈಯೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡು ಬಿಸಿಲನ್ನು ಹಿಂದಕ್ಕೆ ಎಸೆಯತೊಡಗುತ್ತದೆ. ಆದ್ದರಿಂದ ಅಂಚು ಪೂರ್ತಿ ಅಗಲವಾಗಿಯೇ ಇರಲಿ. ಏಳುವ ಆವಿ ತಗುಲಿ ತಣಿದು ಹನಿಯಾಗುವಂತೆ ಮೇಲೆ ಇಳಿಜಾರಾಗಿ ಗಾಜನ್ನಿಟ್ಟು, ಅದರ ಕೆಳ ಅಂಚಿಗೆ ಹನಿ ಹಿಡಿಯುವ ದೋಣಿಯನ್ನು ಜೋಡಿಸಿ.

ಪಾಲಿಪಿರೋಲ್ ವಿದ್ಯುತ್ತನ್ನು ಹರಿಸುತ್ತದೆಂದು ಬ್ಯಾಟರಿಯನ್ನು ನೇರವಾಗಿ ಬಟ್ಟೆಗೇ ಜೋಡಿಸುವ ಆಸೆಯಾಗಬಹುದು. ಬೇಡ. ಉಪ್ಪುನೀರೂ ವಿದ್ಯುದ್ವಾಹಕವೇ, ಏಕಮುಖ ಪ್ರವಾಹ ಹರಿದಾಗ ಧನಧ್ರುವದಲ್ಲಿ ಕ್ಲೋರಿನ್ ಅನಿಲ ಏಳುತ್ತದೆ. ಬದಲಿಗೆ ಸಿಲಿಕೋನ್ ಹೊದಿಕೆಯ, ಮೀಟರಿಗೆ 33 ಓಮ್‌ನ ಕಾರ್ಬನ್ ಫೈಬರ್ ತಂತಿಯ ಎರಡು ಅರ್ಧ ಮೀಟರ್ ತುಂಡುಗಳನ್ನು ಬಟ್ಟೆಯ ಅಡಿ ಹಾವಿನಂತೆ ಹಾಸಿ, 12 ವೋಲ್ಟಿಗೆ ಸಮಾಂತರವಾಗಿ ಜೋಡಿಸಿ. ಒಟ್ಟು ಸುಮಾರು 17 ವ್ಯಾಟ್ ಸಿಗುತ್ತದೆ. ಕಾರ್ಬನ್ನಿಗೆ ಬೆಸುಗೆ ಹಿಡಿಯದ ಕಾರಣ ತಾಮ್ರದ ಕೊಳವೆಯನ್ನು ಒತ್ತಿ ಬಿಗಿದು ಸಿಲಿಕೋನಿನಿಂದ ಮುಚ್ಚಬೇಕು. ಈ ಸೇರುವೆಗಳು ತಟ್ಟೆಯ ಹೊರಗಿರಲಿ. ಬಟ್ಟೆ ಒಣಗಿದರೆ ಥರ್ಮೋಕೋಲ್ ಕರಗುವ ಅಪಾಯವಿರುವುದರಿಂದ 60 ಡಿಗ್ರಿಯಲ್ಲಿ ಕಡಿತಗೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಒತ್ತಬೇಡಿ.

ಇನ್ನು ಲೆಕ್ಕ. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಬಿಸಿಲಿಗೆ ಒಡ್ಡಿದ 20 ಸೆಂ.ಮೀ. ಚೌಕದ ನಮ್ಮ ಬಟ್ಟೆಯ ಪಾಲು 40 ವ್ಯಾಟ್. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕಾದ್ದರಿಂದ ಗಂಟೆಗೆ 60 ಗ್ರಾಂ ಮೇಲ್ಮಿತಿ. ಗಾಜು, ಗಾಳಿಗಳ ಪಾಲು ಕಳೆದು ಅರ್ಧ ಕೈಗೆ ಬಂದರೂ ಚೆನ್ನಾಗಿದೆ ಎನ್ನಬೇಕು. ಬ್ಯಾಟರಿಯ ಪಾಲು ಹೆಚ್ಚೆಂದರೆ ಗಂಟೆಗೆ 26 ಗ್ರಾಂ. ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸುವ ರಿವರ್ಸ್ ಆಸ್ಮೋಸಿಸ್ ಸ್ಥಾವರಗಳು 3-4 ಯೂನಿಟ್ಟಿನಲ್ಲಿ ಸಾವಿರ ಲೀಟರ್ ಕಡಲ ನೀರನ್ನು ಸಿಹಿಯಾಗಿಸುವಾಗ, ವಿದ್ಯುತ್ತನ್ನೇ ನಂಬಿ ಬಟ್ಟೆ ಕಾಯಿಸುವುದು ದುಂದು. ಮೋಡ ಕವಿದಾಗ ಅಥವಾ ಸೌರಫಲಕದಲ್ಲಿ ಮಿಕ್ಕ ವಿದ್ಯುತ್ ಇದ್ದಾಗ ಮಾತ್ರ ಅದನ್ನು ಬಳಸುವುದು ಸರಿ.

ಕಡಲ ನೀರನ್ನು ಮಳೆಗಾಲ ಕಳೆದ ಮೇಲೆ, ಹೊಳೆಯ ಬಾಯಿಯಿಂದ ದೂರದಲ್ಲಿ ತುಂಬಿಸಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಈ ನೀರು ಹತ್ತರಲ್ಲೊಂದಕ್ಕೆ ಇಳಿದಾಗ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಬೇಕಾದದ್ದು ಅದೇ, ನಮಗೆ ಬೇಡವಾದದ್ದೂ ಅದೇ. ತಟ್ಟೆಯ ನೀರು ಅರ್ಧಕ್ಕೆ ಇಳಿದ ಕೂಡಲೇ ಬದಲಿಸಿ. ಹಗಲು ಅಂಚಿನಲ್ಲಿ ಕಟ್ಟಿದ ಬಿಳಿ ಗೆರೆ ರಾತ್ರಿ ತಾನಾಗಿ ಕರಗಿ ಕೆಳಗಿಳಿಯಬೇಕು. ಬೆಳಿಗ್ಗೆಯೂ ಉಳಿದಿದ್ದರೆ ಇಳಿಬಿಟ್ಟ ಅಂಚು ನೀರಿಗೆ ಸರಿಯಾಗಿ ಮುಳುಗಿಲ್ಲವೆಂದು ತಿಳಿಯಿರಿ.

ಮೊದಲ ದಿನದ ನೀರನ್ನು ಚೆಲ್ಲಿಬಿಡಿ. ಆಮೇಲೆ ನೀರಿನಲ್ಲಿ ಕರಗಿದ ಲವಣಗಳನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆಯಿರಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿ.ಗ್ರಾಂ, ಇಲ್ಲಿ ಅದಕ್ಕಿಂತ ಬಹಳ ಕಡಿಮೆ ಬರಬೇಕು. ಆದರೆ ಮೀಟರ್ ಉಪ್ಪನ್ನು ಮಾತ್ರ ಹೇಳುತ್ತದೆ, ಬಟ್ಟೆಯಲ್ಲಿ ಉಳಿದ ರಾಸಾಯನಿಕವನ್ನಲ್ಲ. ಹಾಗಾಗಿ ಈ ನೀರು ಪ್ರಯೋಗಕ್ಕಷ್ಟೇ, ಕುಡಿಯಲು ಅಲ್ಲ. ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದಾಗ ನೀರು ಹಾಲಿನಂತಾದರೆ ಎಲ್ಲೋ ಉಪ್ಪುನೀರು ಸಿಡಿದು ದೋಣಿಗೆ ಬೀಳುತ್ತಿದೆ. ಗಾಜನ್ನು ಇನ್ನೂ ಎರಡು ಬೆರಳು ಎತ್ತರಿಸಿ ಮತ್ತೆ ನೋಡಿ.